ಮನೆಯಲ್ಲಿ ಮಕ್ಕಳಿಗೆ ಗಣಿತ: ಕಲಿಸಹೊರಟು ನಾವು ಕಲಿತದ್ದು

(ಕನ್ನಡ ಕೂಟದ ಯುಗಾದಿ ಸಮಾರಂಭದಲ್ಲಿ ನೀಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ಹಬ್ಬದ ಹೋಳಿಗೆಯೂಟಕ್ಕೂ ಮಕ್ಕಳ ನಾಟಕಕ್ಕೂ ನಡುವೆ ದೊರೆತ ಈ ಅರ್ಧ ಗಂಟೆಯನ್ನು ಗಣಿತದಂಥ ವಿಷಯಕ್ಕೆ ಮೀಸಲಿಟ್ಟ ನಿಮ್ಮ ಧೈರ್ಯವನ್ನು ಮೊದಲು ಮೆಚ್ಚಬೇಕು. ನಾವು ಶಿಕ್ಷಣತಜ್ಞರಲ್ಲ. ಕರ್ನಾಟಕದಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ, ಈ ದೇಶಕ್ಕೆ ಬಂದು ರೆಸಿಡೆನ್ಸಿ ಪೂರೈಸಿ, ಪೆನ್ಸಿಲ್ವೇನಿಯಾದಲ್ಲಿ ನೆಲೆ ನಿಂತ ವೈದ್ಯರು. 2011ರಿಂದ 2014ರವರೆಗೆ ಮೂರು ವರ್ಷಕಾಲ ನಮ್ಮ ಕಿರಿಯ ಮಗಳನ್ನು ಶಾಲೆಯಿಂದ ಬಿಡಿಸಿ ಮನೆಯಲ್ಲಿಯೇ ಓದಿಸಿದೆವು. ಆ ಮೂರು ವರ್ಷಗಳ ಅನುಭವವೊಂದೇ ನಮಗೆ ಈ ವೇದಿಕೆಯ ಮೇಲೆ ನಿಲ್ಲಲು ಇರುವ ಅರ್ಹತೆ. ನಮ್ಮ ಜಾಣತನಕ್ಕಿಂತ ನಮ್ಮ ತಪ್ಪುಗಳೇ ನಿಮಗೆ ಹೆಚ್ಚು ಉಪಯೋಗಕ್ಕೆ ಬಂದಾವೆಂದು ನಂಬಿ, ಅವುಗಳಿಂದಲೇ ಪ್ರಾರಂಭಿಸುತ್ತೇವೆ.

ನಮ್ಮ ಬಾಲ್ಯದ ಗಣಿತವನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ಸಂಜೆ ದೀಪ ಹಚ್ಚಿದ ಮೇಲೆ ಜಗಲಿಯಲ್ಲಿ ಸಾಲಾಗಿ ಕುಳಿತು ಮಗ್ಗಿ ಒಪ್ಪಿಸಬೇಕು. ಇಪ್ಪತ್ತರ ಮಗ್ಗಿ ಮುಗಿಯುವವರೆಗೆ ಊಟವಿಲ್ಲ. ನಾವು ಚೆನ್ನಾಗಿಯೇ ಒಪ್ಪಿಸಿದೆವು. ಪಿ.ಯು.ಸಿ.ಯಲ್ಲಿ ಗಣಿತಕ್ಕೆ ಬಂದ ಅಂಕಗಳನ್ನು ನಮ್ಮ ತಂದೆಯವರು ಊರಿಗೆಲ್ಲ ಹೇಳಿಕೊಂಡು ಬಂದರು. ಗಣಿತ ನಮಗೆ ಒಲಿದಿದೆಯೆಂಬ ಹಮ್ಮನ್ನು ನಾವು ಪಾಸ್‌ಪೋರ್ಟಿನೊಡನೆ ಈ ದೇಶಕ್ಕೂ ತಂದೆವು.

1999ರ ಒಂದು ರಾತ್ರಿ ಆ ಹಮ್ಮು ಇಳಿಯಿತು. ರೆಸಿಡೆನ್ಸಿಯ ಕಾಲ, ಮಕ್ಕಳ ವಾರ್ಡಿನಲ್ಲಿ ನಮ್ಮ ಸರದಿ, ಬೆಳಗಿನ ಜಾವ ಮೂರು ಗಂಟೆ. 4.2 ಕಿಲೋ ತೂಕದ ಹಸುಗೂಸಿಗೆ ಡಿಜಾಕ್ಸಿನ್ ಎಂಬ ಹೃದಯದ ಔಷಧವನ್ನು ಬರೆಯಬೇಕಿತ್ತು. ಕಿಲೋಗೆ 5 ಮೈಕ್ರೋಗ್ರಾಂನಂತೆ 21 ಮೈಕ್ರೋಗ್ರಾಂ, ಎಂದರೆ 0.021 ಮಿಲಿಗ್ರಾಂ. ನಾವು ಬರೆದದ್ದು 0.21 ಮಿಲಿಗ್ರಾಂ. ಗುಣಾಕಾರ ಸರಿಯಾಗಿತ್ತು, ಬಿಂದು ಮಾತ್ರ ಒಂದು ಮನೆ ಸರಿದಿತ್ತು. ಔಷಧ ಹತ್ತು ಪಟ್ಟಾಗಿತ್ತು. ಅರ್ಧ ಮಿಲಿಲೀಟರಿಗೂ ಕಡಿಮೆ ಹೋಗಬೇಕಾದ ದ್ರಾವಣ ನಾಲ್ಕು ಮಿಲಿಲೀಟರು ಮೀರಿತ್ತು. ಅದನ್ನು ಪಿಚಕಾರಿಗೆ ಎಳೆಯುತ್ತಿದ್ದ ಹಿರಿಯ ನರ್ಸ್ ಕೈ ತಡೆದು, "ಡಾಕ್ಟರೇ, ಇಷ್ಟು ಪುಟ್ಟ ಮಗುವಿಗೆ ಇಷ್ಟೊಂದೇ? ಇನ್ನೊಮ್ಮೆ ನೋಡುತ್ತೀರಾ?" ಎಂದರು. ಆಕೆ ಕಾಗದದ ಮೇಲೆ ಯಾವ ಲೆಕ್ಕವನ್ನೂ ಮಾಡಿರಲಿಲ್ಲ. ಇಷ್ಟು ಮಗುವಿಗೆ ಎಷ್ಟು ಔಷಧವೆಂಬುದು ಆಕೆಯ ಕಣ್ಣಿಗೆ ಗೊತ್ತಿತ್ತು. ಮಗು ಉಳಿಯಿತು. ನಮಗೆ ಲೆಕ್ಕ ಬರುತ್ತಿತ್ತು, ಅಂದಾಜು ಬರುತ್ತಿರಲಿಲ್ಲ ಎಂಬುದು ಆ ರಾತ್ರಿ ತಿಳಿಯಿತು.

ಇಂಥ ತಪ್ಪು ನಮ್ಮೊಬ್ಬರದೇ ಅಲ್ಲ. 2004ರಲ್ಲಿ ಈ ದೇಶದ ಆಸ್ಪತ್ರೆಗಳಿಗೆ ಮಾನ್ಯತೆ ನೀಡುವ ಜಾಯಿಂಟ್ ಕಮಿಷನ್ ಸಂಸ್ಥೆಯು ಔಷಧ ಬರೆಯುವಾಗ ಬಳಸಬಾರದ ಬರವಣಿಗೆಯ ಪಟ್ಟಿಯೊಂದನ್ನು ಹೊರಡಿಸಿತು. ಬಿಂದುವಿನ ಮುಂಚೆ ಸೊನ್ನೆ ಬಿಡುವುದೂ, ಪೂರ್ಣಸಂಖ್ಯೆಯ ಮುಂದೆ ಬಿಂದು ಸೊನ್ನೆ ಬರೆಯುವುದೂ ಆ ಪಟ್ಟಿಯಲ್ಲಿವೆ. ಆದರೆ ಬರವಣಿಗೆಯ ನಿಯಮಗಳು ಕಾಗದವನ್ನು ತಿದ್ದಬಲ್ಲವೇ ಹೊರತು ಮನಸ್ಸಿನಲ್ಲಿ ಪರಿಮಾಣದ ಅರಿವನ್ನು ತುಂಬಲಾರವು.

ಇಷ್ಟು ಕಲಿತ ಮೇಲೂ ನಾವು ಮಗಳ ವಿಷಯದಲ್ಲಿ ಹಳೆಯ ದಾರಿಯನ್ನೇ ಹಿಡಿದೆವೆಂದರೆ ನೀವು ನಗಬಹುದು. ಮೂರನೆಯ ತರಗತಿಯ ಹೊತ್ತಿಗೆ ಅವಳ ಶಾಲೆಯಲ್ಲಿ ಗಡಿಯಾರವಿಟ್ಟು ನಿಮಿಷದೊಳಗೆ ಹಾಳೆ ತುಂಬಿಸುವ ಲೆಕ್ಕಗಳು ಬಂದವು. ಅವಳು ನಿಧಾನದ ಹುಡುಗಿ. ಕೆಂಪು ಗೀಟಿನ ಹಾಳೆಗಳು ಮನೆಗೆ ಬರತೊಡಗಿದವು. ಸಂಜೆ ಆಸ್ಪತ್ರೆಯಿಂದ ದಣಿದು ಬಂದ ನಾವು ಅದೇ ಹಾಳೆಯನ್ನು ಮುಂದಿಟ್ಟು, "ಇಷ್ಟೂ ಗೊತ್ತಾಗಲ್ವಾ?" ಎಂದು ಗದರುತ್ತಿದ್ದೆವು. ಒಂದು ರಾತ್ರಿ ಹೊದಿಕೆಯೊಳಗಿನಿಂದಲೇ ಅವಳು, "ಅಪ್ಪಾ, ನಾನು ದಡ್ಡಿ ಅಲ್ವಾ?" ಎಂದು ಕೇಳಿದಳು. ಅಳುತ್ತಲೂ ಇರಲಿಲ್ಲ, ಗೊತ್ತಿರುವ ಸಂಗತಿಯನ್ನು ಖಚಿತಪಡಿಸಿಕೊಳ್ಳುವಂತೆ ಕೇಳಿದಳು. ಎಂಟು ವರ್ಷದ ಕೂಸು ತನ್ನ ಬಗ್ಗೆ ತೀರ್ಪು ಬರೆದುಕೊಂಡಿದ್ದಳು, ಅದಕ್ಕೆ ಸಹಿ ಹಾಕಿದವರಲ್ಲಿ ನಾವೂ ಒಬ್ಬರು.

ನಮ್ಮ ಶ್ರೀಮತಿಯವರು ಪ್ರಯೋಗಾಲಯದ ಕೆಲಸವನ್ನು ಅರೆಕಾಲಿಕ ಮಾಡಿಕೊಂಡರು. ಪೆನ್ಸಿಲ್ವೇನಿಯಾದಲ್ಲಿ 1988ರ ಕಾನೂನು ಮನೆಯಲ್ಲಿ ಓದಿಸುವುದಕ್ಕೆ ಅವಕಾಶ ಕೊಟ್ಟಿದೆ. ಪ್ರತಿ ವರ್ಷ ಪ್ರಮಾಣಪತ್ರ ಸಲ್ಲಿಸಬೇಕು. 180 ದಿನಗಳ ಕಲಿಕೆ ನಡೆಯಬೇಕು, ಇಲ್ಲವೇ ಪ್ರಾಥಮಿಕ ಹಂತದಲ್ಲಿ 900 ಗಂಟೆ ತುಂಬಬೇಕು. ಮಗುವಿನ ಕೆಲಸದ ಕಡತವನ್ನಿಟ್ಟು ವರ್ಷಕ್ಕೊಮ್ಮೆ ಅರ್ಹ ಪರೀಕ್ಷಕರಿಂದ ಮೌಲ್ಯಮಾಪನ ಮಾಡಿಸಬೇಕು. 3, 5 ಹಾಗೂ 8ನೆಯ ತರಗತಿಗಳಲ್ಲಿ ಪ್ರಮಾಣಿತ ಪರೀಕ್ಷೆಯನ್ನೂ ಬರೆಸಬೇಕು. ಕಾಗದಪತ್ರದ ಕೆಲಸ ಕಷ್ಟವೆನಿಸಲಿಲ್ಲ. ಕಷ್ಟವಾದದ್ದು ನಮ್ಮನ್ನು ನಾವು ತಿದ್ದಿಕೊಳ್ಳುವುದು.

ಮೊದಲ ಎರಡು ತಿಂಗಳು ನಾವು ಊಟದ ಮೇಜನ್ನೇ ಇನ್ನೊಂದು ಶಾಲೆ ಮಾಡಿದೆವು. ವೇಳಾಪಟ್ಟಿ, ಹಾಳೆ, ಕೆಂಪು ಪೆನ್ನು, ಎಲ್ಲವೂ ಇದ್ದವು. ಶಾಲೆಯಲ್ಲಾದರೂ ಮಧ್ಯಾಹ್ನ ಮೂರಕ್ಕೆ ಗಂಟೆ ಹೊಡೆಯುತ್ತಿತ್ತು. ಮನೆಯಲ್ಲಿ ಅದೂ ಇಲ್ಲ. ಆ ಸಮಯದಲ್ಲಿ ಹಾಸನದ ಕಡೆಯ ಹಳ್ಳಿಯಿಂದ ನಮ್ಮ ತಾಯಿಯವರು ಆರು ತಿಂಗಳಿಗೆಂದು ಬಂದರು. ಪೆಟ್ಟಿಗೆಯಲ್ಲಿ ಹುಣಸೆ, ಚಟ್ನಿಪುಡಿಗಳ ಜೊತೆಗೆ ಹಳೆಯ ಹಿತ್ತಾಳೆಯ ಪಾವೊಂದೂ ನಾಲ್ಕು ಕವಡೆಗಳೂ ಇದ್ದವು. ಮೂರು ದಿನ ನಮ್ಮ ಪಾಠವನ್ನು ಮೂಲೆಯಲ್ಲಿ ಕುಳಿತು ನೋಡಿ, ನಾಲ್ಕನೆಯ ದಿನ, "ಲೋ, ಮಗು ಹತ್ರ ಬರೀ ಉತ್ರ ಕೇಳ್ತೀಯಲ್ಲ, ಅದು ಏನ್ ಯೋಚ್ನೆ ಮಾಡ್ತು ಅಂತ ಒಂದ್ ಸಲಾನಾದ್ರೂ ಕೇಳಿದ್ಯಾ?" ಎಂದರು.

ನಾಲ್ಕನೆಯ ಇಯತ್ತೆಗೆ ಓದು ಬಿಟ್ಟ ಆ ತಾಯಿಯ ಮಾತು ವೈದ್ಯರಾದ ನಮಗೆ ಚುಚ್ಚಿತು. ರೋಗಿ ಜ್ವರವೆಂದು ಬಂದರೆ ನಾವು ಜ್ವರಕ್ಕೆ ಬೈಯುವುದಿಲ್ಲ. ಯಾವಾಗಿನಿಂದ, ಹೇಗೆ, ಎಲ್ಲಿ ನೋವು ಎಂದು ಕೇಳುತ್ತೇವೆ. ಮಗುವಿನ ತಪ್ಪು ಉತ್ತರವೂ ಒಂದು ಲಕ್ಷಣ. ಅದರ ಹಿಂದೆ ಒಂದು ಕಾರಣವಿದೆ. ಅಂದು ಮಗಳು 52ರಿಂದ 17 ಕಳೆದು 45 ಎಂದು ಬರೆದಿದ್ದಳು. ಹಿಂದಿನ ದಿನವಾಗಿದ್ದರೆ ಗೀಟು ಬೀಳುತ್ತಿತ್ತು. "ಹೇಗೆ ಬಂತು ಹೇಳು ಪುಟ್ಟಿ" ಎಂದೆವು. "ಎರಡರಲ್ಲಿ ಏಳು ಹೋಗಲ್ಲ, ಅದಕ್ಕೆ ಏಳರಲ್ಲಿ ಎರಡು ಕಳೆದೆ, ಐದು. ಐದರಲ್ಲಿ ಒಂದು ಹೋದರೆ ನಾಲ್ಕು" ಎಂದಳು. ಅವಳು ಅಜಾಗರೂಕಳಾಗಿರಲಿಲ್ಲ. ದೊಡ್ಡದರಿಂದ ಚಿಕ್ಕದನ್ನೇ ಕಳೆಯಬೇಕೆಂದು ನಾವೇ ಎಂದೋ ಹೇಳಿಕೊಟ್ಟ ನಿಯಮವನ್ನು ನಿಷ್ಠೆಯಿಂದ ಪಾಲಿಸಿದ್ದಳು. ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಎಂಬ ವಿದ್ವಾಂಸರು 1978ರಲ್ಲಿಯೇ ಮಕ್ಕಳ ಇಂಥ ತಪ್ಪುಗಳನ್ನು ಪರಿಶೀಲಿಸಿ, ಅವುಗಳಲ್ಲಿ ಅನೇಕವು ಗೊಂದಲದಿಂದಲ್ಲ, ತಪ್ಪು ನಿಯಮವೊಂದನ್ನು ಕ್ರಮಬದ್ಧವಾಗಿ ಅನುಸರಿಸುವುದರಿಂದ ಹುಟ್ಟುತ್ತವೆಂದು ತೋರಿಸಿದ್ದಾರೆ. ತಮ್ಮ ಕೆಲಸಕ್ಕೆ ಅವರು ಬಳಸಿದ ಹೆಸರೂ ರೋಗನಿದಾನವೆಂಬ ಅರ್ಥದ್ದೇ.

ನಿದಾನವಾದ ಮೇಲೆ ಚಿಕಿತ್ಸೆ ಸುಲಭ. ಬೆಂಕಿಕಡ್ಡಿಗಳನ್ನು ಹತ್ತುಹತ್ತಾಗಿ ರಬ್ಬರ್ ಬ್ಯಾಂಡಿನಿಂದ ಕಟ್ಟಿದೆವು. ಐದು ಕಟ್ಟು, ಎರಡು ಬಿಡಿ ಕಡ್ಡಿ. ಏಳು ಬಿಡಿ ಬೇಕಾದಾಗ ಅವಳು ತಾನಾಗಿಯೇ ಒಂದು ಕಟ್ಟನ್ನು ಬಿಚ್ಚಿದಳು. ನಾಲ್ಕು ಕಟ್ಟು, ಹನ್ನೆರಡು ಬಿಡಿ. ಏಳು ಬಿಡಿಯನ್ನೂ ಒಂದು ಕಟ್ಟನ್ನೂ ತೆಗೆದಾಗ ಉಳಿದದ್ದು 35. 'ದಶಕ ಎರವಲು' ಎಂದು ನಾವು ಬಾಯಿಪಾಠ ಮಾಡಿದ್ದು ಏನೆಂಬುದು ಆಗ ನಮಗೂ ಕಣ್ಣಿಗೆ ಕಂಡಿತು. ಅಂದಿನಿಂದ ಮನೆಯಲ್ಲಿ ಎರಡು ಕಟ್ಟಳೆಗಳಾದವು. ಲೆಕ್ಕ ಮಾಡುವ ಮುಂಚೆ ಉತ್ತರ ಎಷ್ಟಿರಬಹುದೆಂದು ಅಂದಾಜು ಬರೆಯುವುದು ಮೊದಲನೆಯದು. ಉತ್ತರ ಸರಿಯಿರಲಿ ತಪ್ಪಿರಲಿ, ಹೇಗೆ ಬಂತೆಂದು ಹೇಳುವುದು ಎರಡನೆಯದು. ಐವತ್ತರಿಂದ ಇಪ್ಪತ್ತರ ಹತ್ತಿರದ್ದು ಹೋದರೆ ಮೂವತ್ತರ ಆಸುಪಾಸು ಉಳಿಯಬೇಕೆಂದು ಮೊದಲೇ ಬರೆದಿಟ್ಟ ಮಗುವಿಗೆ 45 ಬಂದಾಗ ಯಾರೂ ತಪ್ಪೆಂದು ಹೇಳಬೇಕಾಗಿಲ್ಲ. ಆ ರಾತ್ರಿ ನರ್ಸ್ ಕೇಳಿದ ಪ್ರಶ್ನೆಯನ್ನು ಮಗು ತನಗೆ ತಾನೇ ಕೇಳಿಕೊಳ್ಳುತ್ತದೆ.

ಈ ಕೆಲಸದಲ್ಲಿ ನಮಗೆ ಅನಿರೀಕ್ಷಿತವಾಗಿ ನೆರವಾದದ್ದು ಕನ್ನಡ. ಇಂಗ್ಲಿಷಿನ ಇಲೆವೆನ್, ಟ್ವೆಲ್ವ್ ಎಂಬ ಮಾತುಗಳಲ್ಲಿ ಹತ್ತು ಎಲ್ಲಿದೆಯೆಂದು ಮಗುವಿಗೆ ಕಾಣುವುದಿಲ್ಲ. ನಮ್ಮ ಹನ್ನೊಂದು, ಹನ್ನೆರಡುಗಳಲ್ಲಿ ಹತ್ತರ ಮೇಲೆ ಒಂದು, ಹತ್ತರ ಮೇಲೆ ಎರಡು ಎಂಬುದು ಕಿವಿಗೇ ಕೇಳಿಸುತ್ತದೆ. ಇಪ್ಪತ್ತು ಎರಡು ಹತ್ತು, ಮೂವತ್ತು ಮೂರು ಹತ್ತು, ಐವತ್ತೆರಡು ಐದು ಹತ್ತರ ಮೇಲೆ ಎರಡು. ನಾವು ಕಡ್ಡಿಯ ಕಟ್ಟುಗಳಲ್ಲಿ ತೋರಿಸಿದ್ದನ್ನು ಭಾಷೆ ಮಾತಿನಲ್ಲಿಯೇ ಕಟ್ಟಿಟ್ಟಿದೆ. ಅಜ್ಜಿ ಅಕ್ಕಿ ಅಳೆಯುವಾಗ ಒಂದು ಎನ್ನದೆ 'ಲಾಭ' ಎಂದು ಪ್ರಾರಂಭಿಸಿ, ಲಾಭ, ಎರಡು, ಮೂರು ಎಂದು ಎಣಿಸುವುದನ್ನು ಕೇಳಿ ಮಗಳು ಬಿದ್ದು ಬಿದ್ದು ನಕ್ಕಳು. ಮರುದಿನದಿಂದ ಅವಳೂ ಲಾಭದಿಂದಲೇ ಎಣಿಸತೊಡಗಿದಳು.

ಭಿನ್ನರಾಶಿಗಳಿಗೆ ಬಂದಾಗ ಇದು ಇನ್ನೂ ಸ್ಪಷ್ಟವಾಯಿತು. ಮುಕ್ಕಾಲು ಎಂದರೆ ಮೂರು ಕಾಲು. ಆ ಪದವೇ ಒಂದು ಪಾಠ. ಒಂದು ದಿನ ಅಡುಗೆಮನೆಯಲ್ಲಿ ನಮ್ಮ ಶ್ರೀಮತಿಯವರು ಒಂದೂಮುಕ್ಕಾಲು ಲೋಟ ಅಕ್ಕಿಯನ್ನು ಪಾತ್ರೆಗೆ ಸುರಿದು, ಅರ್ಧ ಲೋಟದ ಅಳತೆಯನ್ನು ಮಗಳ ಕೈಗಿತ್ತು, ಎಷ್ಟು ಸಲ ತುಂಬೀತೆಂದು ಕೇಳಿದರು. ಮೂರು ಸಲ ತುಂಬಿ, ಕಾಲು ಲೋಟ ಅಕ್ಕಿ ಉಳಿಯಿತು. "ಮೂರೂಕಾಲು ಸಲ" ಎಂದಳು. ಪಕ್ಕದಲ್ಲಿದ್ದ ನಮ್ಮ ನಾಲಿಗೆಯ ತುದಿಗೆ, 'ಭಾಜಕವನ್ನು ತಲೆಕೆಳಗು ಮಾಡಿ ಗುಣಿಸು' ಎಂಬ ಹಳೆಯ ಮಂತ್ರ ಬಂದಿತ್ತು. ಶ್ರೀಮತಿಯವರು ಕಣ್ಸನ್ನೆಯಿಂದಲೇ ತಡೆದು, ಉಳಿದ ಅಕ್ಕಿಯನ್ನು ಅಳತೆಗೆ ಹಾಕಲು ಹೇಳಿದರು. ಅಳತೆ ಅರ್ಧಕ್ಕೆ ತುಂಬಿತು. ಮಗಳು ಬಹಳ ಹೊತ್ತು ಅದನ್ನೇ ನೋಡಿ, "ಓ, ಇದು ಲೋಟದಲ್ಲಿ ಕಾಲು, ಆದರೆ ಅಳತೆಯಲ್ಲಿ ಅರ್ಧ! ಮೂರೂವರೆ ಸಲ!" ಎಂದಳು. ಯಾವುದಕ್ಕೆ ಹೋಲಿಸಿ ಕಾಲು, ಯಾವುದಕ್ಕೆ ಹೋಲಿಸಿ ಅರ್ಧ ಎಂಬುದೇ ಭಿನ್ನರಾಶಿಯ ಹೃದಯ. ಮಂತ್ರದಿಂದ ಉತ್ತರ ಬರುತ್ತಿತ್ತು, ಈ ಮಾತು ಬರುತ್ತಿರಲಿಲ್ಲ.

ಇದೇ ಪ್ರಶ್ನೆಯನ್ನು, ಎಂದರೆ ಒಂದೂಮುಕ್ಕಾಲನ್ನು ಅರ್ಧದಿಂದ ಭಾಗಿಸುವುದನ್ನು, ಲಿಪಿಂಗ್ ಮಾ ಎಂಬ ವಿದುಷಿ ಶಿಕ್ಷಕರ ಮುಂದಿಟ್ಟಿದ್ದರು. 1999ರಲ್ಲಿ ಪ್ರಕಟವಾದ ಆಕೆಯ ಅಧ್ಯಯನದಲ್ಲಿ, ಈ ಭಾಗಾಕಾರಕ್ಕೆ ಅರ್ಥ ಕೊಡುವ ಒಂದು ಸನ್ನಿವೇಶವನ್ನು ಕಟ್ಟಿರೆಂದು ಕೇಳಿದಾಗ 23 ಜನ ಅಮೆರಿಕನ್ ಶಿಕ್ಷಕರಲ್ಲಿ ಒಬ್ಬರು ಮಾತ್ರ ಅರ್ಥಕ್ಕೆ ಹೊಂದುವ ಸನ್ನಿವೇಶವನ್ನು ಕೊಟ್ಟರು. 72 ಜನ ಚೀನೀ ಶಿಕ್ಷಕರಲ್ಲಿ 65 ಮಂದಿ ಕೊಟ್ಟರು. ಇದನ್ನು ಓದಿದಾಗ ನಾವು ಯಾರನ್ನೂ ಹಳಿಯುವ ಸ್ಥಿತಿಯಲ್ಲಿರಲಿಲ್ಲ. ನಮ್ಮನ್ನು ಕೇಳಿದ್ದರೆ ನಾವೂ ಮಂತ್ರವನ್ನಷ್ಟೇ ಹೇಳುತ್ತಿದ್ದೆವು.

ಚೌಕಾಬಾರದ ನಾಲ್ಕು ಕವಡೆಗಳು ಕೂಡುವುದನ್ನೂ ಮುಂದಿನ ಹೆಜ್ಜೆ ಎಣಿಸುವುದನ್ನೂ ಕಲಿಸಿದವು. ಅಳಗುಳಿಮಣೆಯ ಹದಿನಾಲ್ಕು ಗುಳಿಗಳಿಗೆ ಐದೈದು ಹುಣಸೆಬೀಜ ತುಂಬುವಾಗ ಗುಣಾಕಾರ ಬಂತು. ಅಜ್ಜಿ ಊರಿಗೆ ಹೊರಡುವ ಮುಂಚೆ ಗ್ಯಾರೇಜಿನ ಮುಂದಿನ ಸಿಮೆಂಟಿನ ಮೇಲೆ ಏಳು ಚುಕ್ಕಿಯ ರಂಗೋಲಿ ಹಾಕಿದರು: ಸಾಲಿಗೆ 1, 3, 5, 7, ಮತ್ತೆ 5, 3, 1. ಒಟ್ಟು ಎಷ್ಟು ಚುಕ್ಕಿಯೆಂದು ಕೇಳಿದೆವು. ಮಗಳು ಕೂಡಿ 25 ಎಂದಳು. ಸುಮ್ಮನಾಗದೆ ಬಣ್ಣದ ಸೀಮೆಸುಣ್ಣ ಹಿಡಿದು ಓರೆಯಾಗಿ ನೋಡುತ್ತ ನಾಲ್ಕು ನಾಲ್ಕರ ಒಂದು ಚೌಕವನ್ನೂ ಅದರ ಸಂದುಗಳಲ್ಲಿ ಮೂರು ಮೂರರ ಇನ್ನೊಂದು ಚೌಕವನ್ನೂ ಕಂಡಳು. ಹದಿನಾರೂ ಒಂಬತ್ತೂ ಇಪ್ಪತ್ತೈದು. ಬೆಸಸಂಖ್ಯೆಗಳನ್ನು ಒಂದರಿಂದ ಕ್ರಮವಾಗಿ ಕೂಡಿದರೆ ವರ್ಗಸಂಖ್ಯೆ ಬರುವುದೆಂಬ ನಿಯಮ ಅವಳಿಗೆ ಹೀಗೆ ಸಿಕ್ಕಿತು, ನಾವು ಹೇಳಿಕೊಟ್ಟದ್ದಲ್ಲ.

ಹೀಗೆ ಕಲಿಸುವುದು ಹೊಸದೇನೂ ಅಲ್ಲವೆಂದು ತೋರಿಸಲು ಎರಡು ಕಂಬಗಳ ಕಥೆ ಹೇಳುತ್ತೇವೆ. ಸುಮಾರು ಕ್ರಿ.ಶ. 850ರಲ್ಲಿ, ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಎಂದರೆ ನಮ್ಮ 'ಕವಿರಾಜಮಾರ್ಗ'ದ ಕಾಲದಲ್ಲಿಯೇ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ'ವನ್ನು ರಚಿಸಿದನು. ಅದರಲ್ಲೊಂದು ಕಂಬದ ಲೆಕ್ಕವಿದೆ. ಕಂಬದ ಎಂಟರಲ್ಲೊಂದು ಭಾಗ ನೆಲದಲ್ಲಿ, ಮೂರರಲ್ಲೊಂದು ನೀರಿನಲ್ಲಿ, ಕಾಲುಭಾಗ ಪಾಚಿಯಲ್ಲಿ. ಮೇಲೆ ಕಾಣುವುದು 7 ಮೊಳ. ಕಂಬ ಎಷ್ಟುದ್ದ? ಇಪ್ಪತ್ತನಾಲ್ಕು ಸಮಪಾಲು ಮಾಡಿದರೆ ಮುಳುಗಿದ್ದು ಹದಿನೇಳು ಪಾಲು, ಮೇಲಿನದು ಏಳು ಪಾಲು. ಆದ್ದರಿಂದ 24 ಮೊಳ.

ಎರಡನೆಯ ಕಂಬ ಅಮೆರಿಕದ್ದು. ನ್ಯೂ ಹ್ಯಾಂಪ್‌ಷೈರ್ ರಾಜ್ಯದ ಮ್ಯಾಂಚೆಸ್ಟರ್ ನಗರದಲ್ಲಿ ಶಾಲೆಗಳ ಅಧೀಕ್ಷಕರಾಗಿದ್ದ ಎಲ್. ಪಿ. ಬೆನೆಝೆಟ್ 1929ರಲ್ಲಿ ಕೆಲವು ತರಗತಿಗಳಲ್ಲಿ ಅಂಕಗಣಿತದ ಔಪಚಾರಿಕ ಪಾಠವನ್ನೇ ನಿಲ್ಲಿಸಿ, ಆ ಸಮಯದಲ್ಲಿ ಮಕ್ಕಳನ್ನು ಮಾತನಾಡಿಸುವುದಕ್ಕೂ ಅಳೆಯುವುದಕ್ಕೂ ಅಂದಾಜು ಮಾಡಿಸುವುದಕ್ಕೂ ಹಚ್ಚಿದರು. 1935 ಮತ್ತು 1936ರಲ್ಲಿ ಅದರ ವರದಿಗಳನ್ನು ಪ್ರಕಟಿಸಿದರು. ಅವರು ಕೇಳಿದ ಪ್ರಶ್ನೆ: ಕಂಬದ ಅರ್ಧ ಕೆಸರಿನಲ್ಲಿ, ಉಳಿದುದರ ಮೂರರಲ್ಲೆರಡು ನೀರಿನಲ್ಲಿ, ಮೇಲೆ 1 ಅಡಿ, ಕಂಬ ಎಷ್ಟುದ್ದ? ಸೂತ್ರ ಕಲಿತ ಮಕ್ಕಳು ಯಾವುದನ್ನು ಯಾವುದರಿಂದ ಗುಣಿಸಲೆಂದು ತಡವರಿಸಿದರು. ಮಾತನಾಡಿ ಕಲಿತವರು ಮೇಲಿನ ಒಂದಡಿಯಿಂದ ಕೆಳಗಿಳಿಯುತ್ತ ಬಂದು 6 ಅಡಿ ಎಂದರು. ಇಂದಿನ ಸಂಶೋಧನೆಯ ಮಾನದಂಡದಲ್ಲಿ ಅದು ಕಟ್ಟುನಿಟ್ಟಾದ ಪ್ರಯೋಗವಲ್ಲ. ಆದರೆ ಸಾವಿರ ವರ್ಷಗಳ ಅಂತರದಲ್ಲಿ ಇಬ್ಬರು ಗುರುಗಳು ಒಂದೇ ಕಂಬವನ್ನು ನೆಟ್ಟು ಮಕ್ಕಳನ್ನು ಆಲೋಚನೆಗೆ ಹಚ್ಚಿದ್ದು ನಮಗೆ ಬಹಳ ಹಿಡಿಸಿತು. ನಮ್ಮ ಮಗಳಿಗೆ ಎರಡು ಕಂಬಗಳನ್ನೂ ಕೊಟ್ಟೆವು. ಅವಳು ಎರಡನ್ನೂ ಚಿತ್ರ ಬರೆದು ಬಿಡಿಸಿದಳು.

ಹಾಗೆಂದು ಮಗ್ಗಿ ಬೇಡವೆನ್ನುತ್ತಿಲ್ಲ. ಪ್ರತಿ ಬಾರಿಯೂ ಏಳೆಂಟಲ ಎಷ್ಟೆಂದು ಬೆರಳೆಣಿಸುವ ಮಗುವಿಗೆ ಮುಂದಿನದನ್ನು ಯೋಚಿಸಲು ಬಿಡುವು ಸಿಗುವುದಿಲ್ಲ. ನಮ್ಮ ಮಗಳೂ ಮಗ್ಗಿ ಕಲಿತಳು. ಅದು ಏಳು ಸಾಲಿನಲ್ಲಿ ಎಂಟೆಂಟು ಚುಕ್ಕಿಗಳೆಂದು ತಿಳಿದ ಮೇಲೆ ಕಲಿತಳು, ಗಡಿಯಾರವಿಲ್ಲದೆ ಕಲಿತಳು. ದಿನಕ್ಕೆ ನಲವತ್ತು ನಿಮಿಷಕ್ಕಿಂತ ಹೆಚ್ಚು ಗಣಿತಕ್ಕೆ ಕೂರಿಸಲಿಲ್ಲ. ಕೆಂಪು ಪೆನ್ನನ್ನು ಮನೆಯಿಂದಲೇ ಹೊರಗೆ ಹಾಕಿದೆವು.

ಇದರ ಬೆಲೆಯನ್ನೂ ಹೇಳದಿದ್ದರೆ ಅಪ್ರಾಮಾಣಿಕರಾಗುತ್ತೇವೆ. ನಮ್ಮ ಶ್ರೀಮತಿಯವರ ವೃತ್ತಿ ಕುಂಠಿತವಾಯಿತು; ಆ ತ್ಯಾಗವನ್ನು ನಾವು ಸಮನಾಗಿ ಹಂಚಿಕೊಳ್ಳಲಿಲ್ಲವೆಂಬ ಕೊರಗು ಈಗಲೂ ಇದೆ. ಮಗಳಿಗೆ ಸಂಗಾತಿಗಳ ಕೊರತೆ ಕಾಡಿತು. ಆರನೆಯ ತರಗತಿಗೆ ಅವಳೇ ಬಯಸಿ ಶಾಲೆಗೆ ಮರಳಿದಳು, ನಾವು ಸಂತೋಷದಿಂದಲೇ ಕಳುಹಿಸಿದೆವು. ಐದನೆಯ ತರಗತಿಯ ಪರೀಕ್ಷೆಯಲ್ಲಿ ಅವಳ ಅಂಕಗಳು ಸಾಧಾರಣಕ್ಕಿಂತ ತುಸು ಮೇಲಿದ್ದವು, ಅಷ್ಟೇ. ಅವಳು ಗಣಿತಜ್ಞೆಯಾಗಲಿಲ್ಲ, ಇತಿಹಾಸ ಓದಿ ಪದವಿ ಪಡೆದಳು. ಆದರೆ ದಡ್ಡಿಯೇ ಎಂಬ ಪ್ರಶ್ನೆಯನ್ನು ಮತ್ತೆಂದೂ ಕೇಳಲಿಲ್ಲ. ಕಳೆದ ವರ್ಷ ಹೋಟೆಲಿನ ಬಿಲ್ಲನ್ನು ಒಮ್ಮೆ ನೋಡಿ, "ಅಪ್ಪಾ, ಇಷ್ಟು ಬರಲಾರದು, ಇನ್ನೊಮ್ಮೆ ನೋಡಿ" ಎಂದಳು. ಅವಳ ಮಾತು ಸರಿಯಾಗಿತ್ತು. ಆ ದನಿಯನ್ನು ನಾವು 1999ರಲ್ಲಿ ಒಮ್ಮೆ ಕೇಳಿದ್ದೆವು.

ನಿಮ್ಮಲ್ಲಿ ಹೆಚ್ಚಿನವರ ಮಕ್ಕಳು ಶಾಲೆಗೆ ಹೋಗುವವರೇ. ಅವರನ್ನು ಬಿಡಿಸಿರೆಂದು ನಾವು ಹೇಳಲು ಬಂದಿಲ್ಲ. ಶಾಲೆಯ ಶಿಕ್ಷಕರ ಮುಂದೆ ಒಂದು ತರಗತಿಯಷ್ಟು ಮಕ್ಕಳಿರುತ್ತಾರೆ. ಪ್ರತಿಯೊಬ್ಬರ ಮನಸ್ಸಿನೊಳಗೆ ಇಣುಕಲು ಅವರಿಗೆ ಸಮಯವೆಲ್ಲಿ? ಆ ಸಮಯ ಇರುವುದು ನಮ್ಮಲ್ಲಿ, ಅಡುಗೆಮನೆಯಲ್ಲಿ, ಕಾರಿನಲ್ಲಿ, ರಂಗೋಲಿಯ ಮುಂದೆ. ನಾಳೆ ನಿಮ್ಮ ಮಗು ತಪ್ಪು ಉತ್ತರವೊಂದನ್ನು ತಂದಾಗ, ತಪ್ಪು ಎನ್ನುವ ಮುಂಚೆ, "ಹೇಗೆ ಬಂತು ಹೇಳು ಮರಿ" ಎಂದು ಕೇಳಿ, ಅದು ಹೇಳಿ ಮುಗಿಸುವವರೆಗೆ ಸುಮ್ಮನಿರಿ. ಸುಮ್ಮನಿರುವುದೇ ಕಷ್ಟ, ನಮಗೆ ಅದಕ್ಕೆ ಎರಡು ತಿಂಗಳೂ ಒಬ್ಬ ತಾಯಿಯೂ ಬೇಕಾದರು.